ಅರ್ಜಿಯಲ್ಲಿ ಒಡೆದ ಬಳೆಗಳು

ವಾರಕ್ಕೆ ಒಬ್ಬರಾದರೂ ಫೋನ್ ಮಾಡುತ್ತಾರೆ. "ಮೇಡಂ, ಪರದೇಶದಾಗ ಟ್ರೇನಿಂಗ್ ಕೊಡೋರ ಲಿಸ್ಟ್ ಐತೇನ್ರಿ ನಿಮ್ಮ ಕಡೆ? ಫಂಡ್ ಕೊಡೋರ ನಂಬರ್ ಐತೇನ್ರಿ?" ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದಿ ಸಮಾಜಸೇವೆಗೆ ಬಂದವರು ಕೇಳುತ್ತಾರೆ. ಮೂಡಲಗಿಯಲ್ಲಿ ನಾಲ್ಕು ಗೆಳತಿಯರು ಸೇರಿ ಸಣ್ಣದೊಂದು ಸಂಸ್ಥೆ ಕಟ್ಟಿದವರು ಕೇಳುತ್ತಾರೆ. ಲಿಸ್ಟ್ ಐತ್ರೀ, ಕಳಸ್ತೇನಿ ಅನ್ನುತ್ತೇನೆ, ಕಳಿಸುತ್ತೇನೆ. ಇನ್ನೊಂದು ಮಾತು ಹೇಳಬೇಕಾಗಿತ್ತು ಅನ್ನುವಷ್ಟರಲ್ಲಿ ಅವರು ಫೋನ್ ಇಟ್ಟಿರುತ್ತಾರೆ. ಆ ಇನ್ನೊಂದು ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಸಹಿಸಿಕೊಳ್ಳಬೇಕು. ಗೋಕಾಕದ ಈ ಬಾಡಿಗೆ ಕೋಣೆಯಲ್ಲಿ ನನ್ನ ಎದುರು ದನಿ ಎತ್ತುವುದು ಮಿಕ್ಸರ್ ಒಂದೇ. ಅದೂ ಎರಡು ನಿಮಿಷಕ್ಕೆ ಬಿಸಿಯಾಗಿ ನಿಂತುಬಿಡುತ್ತದೆ.

ನಾನು ಮಾಬೂಬಿ, ಬಳೆಗಾರರ ಮಗಳು. ನಮ್ಮಮ್ಮ ಬಳೆಯ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಹುಕ್ಕೇರಿ, ಗೋಕಾಕ, ಮೂಡಲಗಿ ಸಂತೆಗಳನ್ನೂ ನಡುವಿನ ಹಳ್ಳಿಗಳನ್ನೂ ತಿರುಗುತ್ತಿದ್ದಳು. ಹಿಂದೆ ನಾನು. ಗಂಡಸರು ಕಟ್ಟೆಯ ಮೇಲೆ ಕೂತು ಕಾಯುವ ಮನೆಗಳಲ್ಲಿ ನಾವು ನೇರ ಅಡುಗೆಮನೆಗೆ ಹೋಗುತ್ತಿದ್ದೆವು. ಹೆಂಗಸಿನ ಕೈಯನ್ನು ಅಂಗೈಯಲ್ಲಿ ಒತ್ತಿ, ಸಣ್ಣ ಮಾಡಿ, ಬಳೆ ಏರಿಸುವ ಆ ಐದು ನಿಮಿಷದಲ್ಲಿ ಆಕೆ ಹೇಳದ ಮಾತಿಲ್ಲ. ಸೊಸೆ ಅತ್ತೆಯ ಮಾತು ಹೇಳುತ್ತಾಳೆ, ಅತ್ತೆ ಮಂಡಿನೋವು ಹೇಳುತ್ತಾಳೆ. ಹೊರಗೆ ಬಂದ ಮೇಲೆ ನಮ್ಮಮ್ಮ ನನ್ನ ಕಿವಿ ಹಿಂಡಿ ಹೇಳುತ್ತಿದ್ದಳು: "ಈ ಮನಿದು ಆ ಮನ್ಯಾಗ ಅಂದಿ ಅಂದ್ರ, ಮುಂದಿನ ಸಂತಿಗೆ ನಮ್ಮ ಕೈಯಾಗ ಯಾರೂ ಕೈ ಕೊಡಂಗಿಲ್ಲ."

ಚೌಕಾಶಿಯನ್ನೂ ಅಲ್ಲಿಯೇ ಕಲಿತೆ. ರೇಟು ಕುದುರದಿದ್ದರೆ ಮಲಾರ ಕಟ್ಟಿ ಏಳಬೇಕು. ಮುಖದಲ್ಲಿ ಸಿಟ್ಟು ಇರಬಾರದು. ಎರಡು ಹೆಜ್ಜೆ ನಡೆಯಬೇಕು. ಮೂರನೆಯದಕ್ಕೆ ಹಿಂದಿನಿಂದ "ಏ, ಬಾ ಇಲ್ಲೆ" ಅಂತ ಕರೆ ಬರುತ್ತದೆ.

ನಮ್ಮ ಸಂಸ್ಥೆಯ ಮುಖ್ಯಸ್ಥರು ದೇಸಾಯಿ ಸರ್. ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಸಂಘ ಕಟ್ಟಬೇಕೆಂದು ಜೀಪಿನಲ್ಲಿ ತಿರುಗಿ ತಿರುಗಿ ಸುಸ್ತಾದವರು. ಎಲ್ಲಿ ಹೋದರೂ ಅವರಿಗೆ ಕಟ್ಟೆಯ ಮೇಲೆ ಚಹಾ ಸಿಗುತ್ತಿತ್ತು, ಹೆಂಗಸರು ಸಿಗುತ್ತಿರಲಿಲ್ಲ. ಒಂದು ದಿನ ಒಂದು ಮನೆಯ ಒಳಗಿನಿಂದ ನಾನು ಮಲಾರ ಹೊತ್ತು ಹೊರಗೆ ಬಂದದ್ದನ್ನು ನೋಡಿ ಕೇಳಿದರು: "ಎಷ್ಟು ಕಲ್ತೀರಿ?"

"ಹತ್ತನೇತ್ತೆ ಪಾಸ್ ಆಗೇನ್ರಿ."

"ನಮಗ ಹೊಸ್ತಿಲಾ ದಾಟಾಕ ಆಗವಲ್ದು. ನೀವು ಒಲಿ ತನಕಾ ಹೋಗಿ ಬರಾಕತ್ತೀರಿ. ನಮ್ಮಲ್ಲೆ ಕೆಲಸಕ್ಕ ಬರ್ತೀರೇನು?"

ನನ್ನ ಮದುವೆ ಆಗಿ ಎರಡು ವರ್ಷಕ್ಕೆ ಮುರಿದಿತ್ತು. ಅದರ ಮಾತು ಇಲ್ಲಿ ಬೇಡ. ಪಗಾರ ಎಷ್ಟು ಅಂತ ಕೇಳಿದೆ. ಹೇಳಿದರು. ಮಲಾರ ಎತ್ತಿ ಎರಡು ಹೆಜ್ಜೆ ನಡೆದೆ. ಕರೆದರು. ಹೀಗೆ ನೌಕರಿ ಶುರುವಾಯಿತು.

ಮುಂದೆ ಯಾವಾಗ ಯಾವ ಹುದ್ದೆಗೆ ಏರಿದೆ, ಎಲ್ಲಿ ಶಾಲು ಹಾಕಿದರು ಎಂಬುದೆಲ್ಲ ನಿಮ್ಮ ಕೆಲಸಕ್ಕೆ ಬರುವ ಮಾತಲ್ಲ. ಕೆಲಸಕ್ಕೆ ಬರುವುದನ್ನು ಹೇಳುತ್ತೇನೆ.

ಮೊದಲ ಸಲ ಪರದೇಶದ ದಾನಿಯೊಬ್ಬ ಬಂದಾಗ ದೇಸಾಯಿ ಸರ್ ಆತನ ಎದುರು ಕೈಕಟ್ಟಿ ನಿಂತಿದ್ದರು. ಆತ ಒಂದು ಹಳ್ಳಿಯ ಕೆಲಸಕ್ಕೆ ಮಾತ್ರ ಸಹಾಯ ಮಾಡುತ್ತೇನೆ ಎಂದ. ನಾನು ನನ್ನ ಬಸ್‌ಸ್ಟ್ಯಾಂಡ್ ಇಂಗ್ಲಿಷಿನಲ್ಲಿ, ಒಂದು ಹಳ್ಳಿ ಮಾಡಿದರೆ ಬಾಜೂ ಹಳ್ಳಿಯವರು ನಮ್ಮನ್ನು ಒಳಗೆ ಬಿಡುವುದಿಲ್ಲ, ಮಾಡಿದರೆ ಮೂರು, ಇಲ್ಲವಾದರೆ ಚಹಾ ಕುಡಿದು ಹೋಗಿ ಎಂದು ಹೇಳಿ ಫೈಲು ಮುಚ್ಚಿ ಎದ್ದೆ. ಸರ್ ಮುಖ ಬಿಳಿಚಿಕೊಂಡಿತು. ಮೂರನೆಯ ಹೆಜ್ಜೆಗೆ ದಾನಿ ಕರೆದ. ಆ ಮೇಲೆ ನನಗೆ ಸೊಕ್ಕು ಬಂತು. ಮುಂದಿನ ವರ್ಷ ಬೆಂಗಳೂರಿನಲ್ಲಿ ಇನ್ನೊಬ್ಬರ ಎದುರು ಅದೇ ಆಟ ಆಡಿದೆ. ಎರಡು ಹೆಜ್ಜೆ ಆಯಿತು, ಮೂರಾಯಿತು, ಲಿಫ್ಟು ಬಂತು, ಗೇಟು ಬಂತು, ಯಾರೂ ಕರೆಯಲಿಲ್ಲ. ಅಲ್ಲಿಂದ ಬಸ್‌ಸ್ಟ್ಯಾಂಡ್ ತನಕ ನಡೆದೇ ಹೋದೆ. ಆದ್ದರಿಂದ ಹೇಳುತ್ತೇನೆ: ಏಳುವ ಮೊದಲು ಎದುರಿನವನಿಗೆ ನಿಮ್ಮ ಬಳೆ ಎಷ್ಟು ಬೇಕಾಗಿದೆ ನೋಡಿಕೊಳ್ಳಿ. ಅವನಿಗೆ ವರ್ಷದ ಕೊನೆಯೊಳಗೆ ಹಣ ಖರ್ಚು ಮಾಡುವ ಅವಸರವಿದ್ದರೆ ಏಳಬಹುದು. ಹೊರಗೆ ಇನ್ನೂ ಹತ್ತು ಸಂಸ್ಥೆಯವರು ಸಾಲಿನಲ್ಲಿ ಕೂತಿದ್ದರೆ ಸುಮ್ಮನೆ ಕೂತು ಚಹಾ ಕುಡಿಯಬೇಕು.

ಇನ್ನು ನೀವು ನೆಟ್‌ವರ್ಕಿಂಗ್ ಅನ್ನುವುದು. ದಿಲ್ಲಿಯಲ್ಲಿ ಒಂದು ದೊಡ್ಡ ಸಮ್ಮೇಳನಕ್ಕೆ ನನ್ನನ್ನು ಕಳಿಸಿದರು. ಊಟದ ವೇಳೆಗೆ ಎಲ್ಲರೂ ವಿಸಿಟಿಂಗ್ ಕಾರ್ಡ್ ಹಂಚುತ್ತಿದ್ದರು. ನನ್ನ ಬಳಿ ಕಾರ್ಡ್ ಇರಲಿಲ್ಲ. ಚೀಲದಲ್ಲಿ ಎರಡು ಡಜನ್ ಹಸಿರು ಬಳೆ ಇದ್ದವು. ಚೀಟಿಯಲ್ಲಿ ಹೆಸರು, ಊರು, ಫೋನ್ ನಂಬರ್ ಬರೆದು, ದಾರದಿಂದ ಬಳೆಗೆ ಕಟ್ಟಿ ಕೊಡತೊಡಗಿದೆ. ಕೆಲವರು ನಕ್ಕರು. ಒಬ್ಬ ಹೆಂಗಸು ಮಾತ್ರ ಕೈ ಚಾಚಿ "ತೊಡಿಸು" ಎಂದು ಸನ್ನೆ ಮಾಡಿದಳು. ಆಕೆಯ ಹೆಸರು ಎಲೆನಾ. ಜಗತ್ತಿನ ಹಳ್ಳಿಹಳ್ಳಿಗಳ ಹೆಣ್ಣುಮಕ್ಕಳಿಗೆ ತರಬೇತಿ ಕೊಡಿಸುವ ಸಂಸ್ಥೆಯವಳು. ದೊಡ್ಡ ಗಟ್ಟಿ ಕೈ. ಏರಿಸಲು ಹತ್ತು ನಿಮಿಷ ಬೇಕಾಯಿತು. ಹತ್ತು ನಿಮಿಷ ಕೈ ಹಿಡಿದವರನ್ನು ಯಾರೂ ಮರೆಯುವುದಿಲ್ಲ. ಆರು ತಿಂಗಳಿಗೆ ಆಕೆ ನಮ್ಮ ಕೆಲಸ ನೋಡಲು ಗೋಕಾಕಕ್ಕೆ ಬಂದಳು. ನಾನು ತುಕ್ಕಾನಟ್ಟಿಗೆ ಕರೆದುಕೊಂಡು ಹೋದೆ, ಗಂಗವ್ವನ ಹತ್ತಿರ.

ಈಗ ಗಂಗವ್ವನ ಮಾತು. ಇಡೀ ಬರಹ ಆಕೆಯದೇ. ಇಷ್ಟು ಹೊತ್ತು ಸುತ್ತುಹಾಕಿದ್ದು ನನ್ನ ಹೇಡಿತನ.

ಗಂಗವ್ವ ತುಕ್ಕಾನಟ್ಟಿಯ ಸಂಘದ ಅಧ್ಯಕ್ಷೆ. ಇಪ್ಪತ್ತೆರಡು ಹೆಂಗಸರು ಸೇರಿ ನೆರಳುಬಲೆಯ ಕೆಳಗೆ ಮೆಣಸಿನಕಾಯಿ, ಬದನೆ, ಟೊಮೆಟೊ ಸಸಿ ಬೆಳೆಸಿ ಮಾರುತ್ತಿದ್ದರು. ಆಕೆಗೆ ಅಕ್ಷರ ಕಲಿಸಿದವಳು ನಾನು. ಸಸಿಯ ಟ್ರೇಗಳ ಮೇಲೆ ತಳಿಯ ಹೆಸರು ಬರೆಯಬೇಕಾಗಿತ್ತು, ಅದೇ ನಮ್ಮ ಪಠ್ಯ. ಆಕೆಯ ಗಂಡ ಶಿವಪುತ್ರ ಅದಕ್ಕೂ ಏಳು ವರ್ಷ ಮೊದಲೇ ಮನೆ ಬಿಟ್ಟು ಹುಕ್ಕೇರಿ ಕಡೆ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ. ಊರಿಗೆಲ್ಲ ಗೊತ್ತಿತ್ತು. ಯಾರೂ ಎದುರಿಗೆ ಆಡುತ್ತಿರಲಿಲ್ಲ. ಗಂಗವ್ವ ಕೈತುಂಬ ಹಸಿರು ಬಳೆ ಹಾಕಿಕೊಂಡೇ ಓಡಾಡುತ್ತಿದ್ದಳು. ನೌಕರಿ ಸೇರಿದ ಮೇಲೆ ನಾನು ಬಳೆ ಮಾರುವುದು ಬಿಟ್ಟಿದ್ದರೂ ಪಂಚಮಿಗೆ ಆಕೆಗಾಗಿ ಒಂದು ಡಜನ್ ಒಯ್ದು ನನ್ನ ಕೈಯಾರೆ ತೊಡಿಸುತ್ತಿದ್ದೆ. ಒಂದು ಪಂಚಮಿಗೆ ಆಕೆ ತಾನಾಗಿ ಹೇಳಿದಳು:

"ಅಂವ ಬರತಾನಂತ ಹಾಕ್ಕೊಳ್ಳುದಲ್ಲ ಮಾಬೂಬಿ. ಕೈ ಖಾಲಿ ಇದ್ರ ಮಂದಿ ಬಾಯಿ ತಗೀತಾರ. ಬಳಿ ಇದ್ರ ಯಾರೂ ಕೇಳಂಗಿಲ್ಲ. ನಾ ನನ್ನ ಕೆಲಸ ಮಾಡ್ಕೊಂಡ ಇರತೇನಿ."

ಎಲೆನಾ ಬಂದ ದಿನ ಹೆಂಗಸರು ಆಕೆಯ ಹೆಸರನ್ನು ಅರ್ಧ ಗಂಟೆಯಲ್ಲಿ ಎಲ್ಲವ್ವ ಮಾಡಿದರು. ಎಲ್ಲವ್ವ ಎಲ್ಲರನ್ನೂ ಕೇಳಿದಳು: ನಿಮಗೆ ಏನು ಕಲಿಯುವ ಆಸೆ? ಹೊಲಿಗೆ, ಕಂಪ್ಯೂಟರ್, ಇಂಗ್ಲಿಷ್ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಗಂಗವ್ವ ಸಸಿಯ ಟ್ರೇ ಎತ್ತಿ ಆಕೆಯ ಕೈಗೆ ಕೊಟ್ಟು ಹೇಳಿದಳು: "ಇದು ಮೂಡಲಗಿ ದಾಟಿ ಯಾಕ ಹೋಗಂಗಿಲ್ಲ? ಅಷ್ಟ ಕಲಸ್ರಿ ಸಾಕು."

ನಾನು ಅನುವಾದಿಸಿದೆ. ಎಲೆನಾ ಟ್ರೇ ಕೆಳಗಿಡಲೇ ಇಲ್ಲ. ಸಂಜೆ ಕಾರು ಹತ್ತುವಾಗ ನನಗೆ ಹೇಳಿದಳು: ಫಿಲಿಪೈನ್ಸಿನಲ್ಲಿ ಮೂರು ವಾರದ ತರಬೇತಿ ಇದೆ. ಬೇರೆಬೇರೆ ದೇಶದ ಹಳ್ಳಿಯ ಹೆಣ್ಣುಮಕ್ಕಳು ತಾವು ಬೆಳೆದದ್ದನ್ನು ದೂರದ ಮಾರುಕಟ್ಟೆಗೆ ಮುಟ್ಟಿಸುವುದನ್ನು ಕಲಿಯುತ್ತಾರೆ. ವಾಪಸು ಬಂದ ಮೇಲೆ ಅವರ ಸಂಘಕ್ಕೆ ನೆರವೂ ಸಿಗುತ್ತದೆ. ಒಬ್ಬ ಮುಖಂಡೆ, ಆಕೆಯ ಜೊತೆ ಒಬ್ಬ ಅನುವಾದಕಿ. ಅರ್ಜಿ ಹಾಕಿ. ನಾನು ಶಿಫಾರಸು ಮಾಡಬಲ್ಲೆ, ಆರಿಸುವವರು ಬೇರೆ.

ಪಾಸ್‌ಪೋರ್ಟ್ ಇದ್ದವರಷ್ಟೇ ಅರ್ಜಿ ಹಾಕಬೇಕಾಗಿತ್ತು. ನಾನೂ ಗಂಗವ್ವನೂ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಂಡು ಬೆಳಗಾವಿಗೆ ಹೋದೆವು. ಬಸ್ಸಿನಲ್ಲಿ ಆಕೆ ಕಿಟಕಿಯ ಪಕ್ಕ ಕೂತು ಕೇಳಿದ್ದೇ ಕೇಳಿದ್ದು. ವಿಮಾನದಾಗ ರೊಟ್ಟಿ ತಿನ್ನಾಕ ಬಿಡ್ತಾರೇನು? ಅಲ್ಲೆ ಮಳಿ ಯಾವಾಗ? ಆ ದೇಶದ ಹೆಂಗಸರು ಬಳಿ ಹಾಕ್ಕೋತಾರೋ ಇಲ್ಲೋ? ಆಫೀಸಿನಲ್ಲಿ ಗುಮಾಸ್ತರು ಗಂಡನ ಹೆಸರು ಕೇಳಿದರು. ನಮ್ಮ ಕಡೆ ಆಕೆಯ ವಯಸ್ಸಿನವರು ಗಂಡನ ಹೆಸರನ್ನು ಬಾಯಿಂದ ಹೇಳುವುದಿಲ್ಲ. ಬಿಟ್ಟುಹೋದವನದನ್ನೂ ಹೇಳುವುದಿಲ್ಲ. ಗಂಗವ್ವ ನನ್ನ ಮುಖ ನೋಡಿದಳು. ನಾನು ಹೇಳಿದೆ: ಶಿವಪುತ್ರ.

"ಅವರ ಹೇಳಬೇಕ್ರಿ," ಎಂದರು ಗುಮಾಸ್ತರು.

"ಆಕಿ ಹೇಳಿದ್ದನ್ನ ಬರಕೋರ್ರಿ ಸಾಹೇಬ್ರ," ಎಂದಳು ಗಂಗವ್ವ. "ನನ್ನ ಮನಿದು ಆಕಿಗೆ ಎಲ್ಲಾ ಗೊತ್ತೈತಿ."

ಇಷ್ಟು ವರ್ಷದ ಮೇಲೂ ಆ ಮಾತು ನೆನಪಾದರೆ ನನ್ನ ಕೈಯೊಳಗಿನ ಕೆಲಸ ನಿಲ್ಲುತ್ತದೆ.

ಅರ್ಜಿಯನ್ನು ಇಂಟರ್ನೆಟ್ಟಿನಲ್ಲಿ ತುಂಬಬೇಕಾಗಿತ್ತು. ಸಂಸ್ಥೆಯ ಲೈನು ಕೆಟ್ಟಿತ್ತು. ಗೋಕಾಕದ ಒಂದು ಸೈಬರ್ ಅಂಗಡಿಯಲ್ಲಿ ಕೂತೆ. ಕೊನೆಯ ದಿನ, ಮಧ್ಯಾಹ್ನ. ಹೆಸರು, ಊರು, ವಯಸ್ಸು, ಸಂಘದ ಕೆಲಸ, ಎಲ್ಲ ಆಯಿತು. ಆಮೇಲೆ ವೈವಾಹಿಕ ಸ್ಥಿತಿ. ಮೂರು ಬಾಕ್ಸು: ವಿವಾಹಿತೆ, ಅವಿವಾಹಿತೆ, ವಿಧವೆ. ಬಿಟ್ಟುಹೋದ ಗಂಡನ ಹೆಂಡತಿಗೆ ಬಾಕ್ಸು ಇರಲಿಲ್ಲ. ನನಗೂ ಯಾವ ಫಾರ್ಮಿನಲ್ಲೂ ಇರಲಿಲ್ಲ, ನಾನು ಕಣ್ಣುಮುಚ್ಚಿ ಅವಿವಾಹಿತೆಗೆ ಗುರುತು ಹಾಕುತ್ತ ಬಂದವಳು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು: ವಿಧವೆಯರಿಗೆ ಆದ್ಯತೆ.

ದೇಸಾಯಿ ಸರ್‌ಗೆ ಫೋನ್ ಮಾಡಿದೆ. "ಯಾವುದೂ ಖಾಲಿ ಬಿಡಬ್ಯಾಡ್ರಿ," ಎಂದರು. "ಖಾಲಿ ಬಿಟ್ಟ ಅರ್ಜಿ ಮದಲ ತಗದ ಒಗೀತಾರ." ಗಂಗವ್ವನಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಸಸಿಗೆ ನೀರು ಹಾಕುವ ಹೊತ್ತು. ಅರಭಾವಿ ಮೇಲೆ ಹೋಗುವ ಬಸ್ಸು ಹತ್ತಿದ್ದರೆ ಆಕೆಯನ್ನು ಕೇಳಿ ಸಂಜೆಯೊಳಗೆ ತಿರುಗಿ ಬರಬಹುದಾಗಿತ್ತು. ಇದನ್ನು ಯಾರೂ ನನ್ನ ಪರವಾಗಿ ಸಮರ್ಥಿಸಬಾರದೆಂದೇ ಬರೆಯುತ್ತಿದ್ದೇನೆ. ನಾನು ಹೋಗಲಿಲ್ಲ. ಕೇಳಿದರೆ ಬೇಡ ಅಂದಾಳು ಅನ್ನುವುದು ನನಗೆ ಗೊತ್ತಿತ್ತು. ಆಕೆ ಗೆಲ್ಲಬೇಕು ಅನ್ನುವ ಹಟ ನನಗಿತ್ತು, ಆಕೆಯ ಜೊತೆ ವಿಮಾನ ಹತ್ತುವ ಆಸೆಯೂ ಇತ್ತು. ಮೂರನೆಯ ಬಾಕ್ಸಿಗೆ ಗುರುತು ಹಾಕಿದೆ. ಗುರುತು ಹಾಕಿದ ಮೇಲೆ ಅದಕ್ಕೆ ತಕ್ಕಂತೆ ಕಥೆಯನ್ನೂ ಬರೆದೆ: "ಗಂಡನನ್ನು ಕಳೆದುಕೊಂಡ ಗಂಗವ್ವ ಎದೆಗುಂದಲಿಲ್ಲ." ಕಳೆದುಕೊಂಡ ಅನ್ನುವ ಮಾತು ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಚೌಕಾಶಿ ಮಾಡಿಕೊಂಡೆ.

ಗಂಗವ್ವ ಆಯ್ಕೆಯಾದಳು. ತುಕ್ಕಾನಟ್ಟಿಯಲ್ಲಿ ಅಂದು ಸಂಘದವರು ಹೋಳಿಗೆ ಮಾಡಿದರು.

ಹೊರಡಲು ಹದಿನೈದು ದಿನ ಇತ್ತು. ಅಷ್ಟರಲ್ಲಿ ಹುಕ್ಕೇರಿಯಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಸಂಘಗಳ ಸಮಾವೇಶ ಬಂತು. ಎಲೆನಾಳ ಸಂಸ್ಥೆಯವರು ಅಭಿಮಾನದಿಂದ ಒಂದು ದೊಡ್ಡ ಬ್ಯಾನರ್ ಮಾಡಿಸಿ ಕಳಿಸಿದ್ದರು. ಗಂಗವ್ವ ಸಸಿಯ ಟ್ರೇ ಹಿಡಿದು ನಗುತ್ತಿರುವ ಫೋಟೊ. ಎರಡೂ ಕೈತುಂಬ ನಾನು ತೊಡಿಸಿದ ಹಸಿರು ಬಳೆ. ಕೆಳಗೆ, ನನ್ನ ಅರ್ಜಿಯನ್ನೇ ನೆಚ್ಚಿ ಅವರು ಕನ್ನಡದಲ್ಲಿ ಬರೆಸಿದ ಸಾಲು: "ವಿಧವೆ ಗಂಗವ್ವ: ಕಣ್ಣೀರಿನಿಂದ ಹಸಿರಿನೆಡೆಗೆ." ನಾನು ಮೈಕಿನವನ ಜೊತೆ ಹೆಣಗಾಡುತ್ತಿದ್ದೆ. ವೇದಿಕೆಯ ಹಿಂದೆ ಅದನ್ನು ಕಟ್ಟಿದ್ದನ್ನು ನೋಡಲಿಲ್ಲ.

ಬಾಗಿಲಿನಿಂದ ತುಕ್ಕಾನಟ್ಟಿಯವರು ಬಂದರು. ಗಂಗವ್ವ ತನ್ನ ಫೋಟೊ ನೋಡಿ ನಾಚಿ ಸೆರಗು ಬಾಯಿಗೆ ಹಿಡಿದಳು. ಆಮೇಲೆ, ಟ್ರೇಗಳ ಮೇಲಿನ ಹೆಸರು ಓದುವ ಹಾಗೆಯೇ, ಬೆರಳು ಚಾಚಿ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ಮೊದಲ ಶಬ್ದ ಮುಗಿಯುವಷ್ಟರಲ್ಲಿ ಸಭೆಯ ತಲೆಗಳೆಲ್ಲ ಬ್ಯಾನರಿನ ಕಡೆ ತಿರುಗಿದ್ದವು.

ಹುಕ್ಕೇರಿಯ ಹೆಂಗಸರ ಸಾಲಿನಿಂದ ಒಬ್ಬಳು ಎದ್ದು ನಿಂತಳು. ಶಿವಪುತ್ರನ ತಂಗಿ ಕಮಲವ್ವ.

"ಏನವ್ವ ವೈನಿ, ಜೀವಂತ ಇರೋ ನಮ್ಮ ಅಣ್ಣನ್ನ ಯಾವಾಗ ಮಣ್ಣ ಮಾಡಿದಿ? ನಮಗೊಂದು ಮಾತು ಹೇಳಿದ್ರ ಮಣ್ಣಿಗೆ ಬರತಿದ್ವಿ."

ಯಾರೋ ಕಿಸಕ್ಕೆಂದು ನಕ್ಕರು. ಇನ್ನಾರೋ "ವಿಮಾನ ಹತ್ತಾಕ ಗಂಡನ್ನ ತಿಂದ್ಲು" ಎಂದರು. ಗಂಗವ್ವ ಅವರ ಕಡೆ ತಿರುಗಲಿಲ್ಲ. ವೇದಿಕೆಯ ಹತ್ತಿರ ಬಂದು ನನ್ನ ಎದುರು ನಿಂತಳು.

"ಮಾಬೂಬಿ, ಅಂವ ಸತ್ತಾನಂತ ನಿನಗ ಯಾರ ಹೇಳಿದ್ರು?"

"ಕಾಗದಕ್ಕ ಬೇಕಾಗಿತ್ತು ಗಂಗವ್ವ. ಬಾಕ್ಸ್ ಇರಲಿಲ್ಲ."

"ನನ್ನ ಕೇಳಾಕ ಬಾಯಿ ಇರಲಿಲ್ಲೇನು?"

ಕೈಯಲ್ಲಿದ್ದ ಮೈಕನ್ನು ಕೆಳಗಿಟ್ಟೆ.

"ಕೈಯಾರೆ ಹಾಕಿದಿ," ಎಂದು ಎರಡೂ ಕೈ ಮುಂದೆ ಮಾಡಿದಳು. "ಕೈಯಾರೆ ಒಡದಿ."

ನಾನು ಆಕೆಯ ಕೈ ಹಿಡಿಯಲು ಹೋದೆ. ಹಿಂದೆ ತೆಗೆದುಕೊಂಡಳು. "ಪರದೇಶಕ್ಕ ಆ ಸತ್ತಾಂವನ ಹೆಂಡತಿ ಹೋಗಬೇಕಲ್ಲ? ಆಕಿನ್ನ ಕರಕೊಂಡ ಹೋಗು. ನಾ ಆಕಿ ಅಲ್ಲ."

ತಿರುಗಿ ನಡೆದಳು. ನಾನು ನಿಂತಲ್ಲೇ ಆಕೆಯ ಹೆಜ್ಜೆ ಎಣಿಸಿದೆ. ಎರಡು. ಮೂರು. ತಿರುಗಿ ನೋಡಿಯಾಳು ಅಂದುಕೊಂಡೆ. ಬಾಗಿಲು ದಾಟಿ, ಹುಕ್ಕೇರಿ ಬಸ್‌ಸ್ಟ್ಯಾಂಡಿನ ಕಡೆ ಹೋಗಿಬಿಟ್ಟಳು. ಹಿಂದೆ ಓಡಿಹೋಗಬೇಕಾಗಿತ್ತು. ನಾನು ಮೇಜಿನ ಮೇಲೆ ಹತ್ತಿ ಬ್ಯಾನರ್ ಬಿಚ್ಚಲು ನಿಂತೆ.

ಆಮೇಲೆ ಎರಡು ಸಲ ಮನೆಗೆ ಹೋದೆ. ಬಾಗಿಲು ತೆರೆದಿತ್ತು, ಆಕೆ ಹೊಲದಲ್ಲಿದ್ದಳು. ಹೊಲಕ್ಕೆ ಹೋದರೆ ಮನೆಗೆ ಹೋಗಿರುತ್ತಿದ್ದಳು. ಎಲೆನಾಳಿಗೆ ಖರೆ ಬರೆದೆ. ಆಕೆ ಬೈಯಲಿಲ್ಲ. ಅಷ್ಟು ತಡವಾಗಿ ಬೇರೆ ಹೆಸರು ಸೇರಿಸಲು ಬರುವುದಿಲ್ಲ, ಟಿಕೆಟ್ ಆಗಿದೆ, ನೀನಾದರೂ ಬಂದು ಕಲಿತು ಅವರಿಗೆ ಕಲಿಸು ಎಂದಳು. ದೇಸಾಯಿ ಸರ್ ಕೂಡ ಹೋಗ್ರಿ ಅಂದರು. ಹೋದೆ. ಹೋಗಬಾರದಿತ್ತೇನೋ, ಇನ್ನೂ ತೀರ್ಮಾನಕ್ಕೆ ಬಂದಿಲ್ಲ.

ಅಲ್ಲಿ ಉದ್ದ ಮೇಜು. ಒಬ್ಬೊಬ್ಬರ ಎದುರು ಹೆಸರಿನ ಬಿಲ್ಲೆ. ಗಂಗವ್ವನದು ಮೊದಲೇ ಅಚ್ಚಾಗಿತ್ತು. ನನ್ನ ಪಕ್ಕದ ಕುರ್ಚಿಯ ಮುಂದೆ ಅದನ್ನು ಇಟ್ಟಿದ್ದರು, ಯಾರೂ ತೆಗೆಯಲಿಲ್ಲ. ಮೂರು ವಾರ ಖಾಲಿ ಕುರ್ಚಿಯ ಪಕ್ಕ ಕೂತೆ. ಅನುವಾದ ಮಾಡಲು ಬಂದವಳು, ಕೇಳುವವಳಿಲ್ಲ. ಆದರೂ ಅಭ್ಯಾಸಬಲದಿಂದ ಪ್ರತಿ ಮಾತೂ ತಲೆಯಲ್ಲಿ ತುಕ್ಕಾನಟ್ಟಿಯ ಕನ್ನಡವಾಗುತ್ತಿತ್ತು. ಸಸಿಯನ್ನು ಒದ್ದೆ ತೆಂಗಿನ ನಾರಿನಲ್ಲಿ ಸುತ್ತಿ ಎರಡು ದಿನದ ದಾರಿಗೆ ಕಳಿಸುವುದನ್ನು ತೋರಿಸಿದಾಗ, "ನಮ್ಮಲ್ಲೆ ನಾರಿಲ್ಲ, ಕಬ್ಬಿನ ರವದಿ ನಡೀತೈತೇನ್ ಕೇಳು" ಎಂದು ಆಕೆ ಮೊಣಕೈಯಿಂದ ತಿವಿದಂತಾಯಿತು. ಕೇಳಿದೆ. ಕಬ್ಬಿನ ಒಣಗರಿಯೂ ನಡೆಯುತ್ತದೆ ಎಂದರು. ಮೀನುಗಾರರ ಊರಿನ ಒಬ್ಬ ಮುದುಕಿ ಆ ಕುರ್ಚಿ ತೋರಿಸಿ, ಈಕೆ ಯಾಕೆ ಬರಲಿಲ್ಲ ಎಂದು ಕೇಳಿದಳು. ಆರಾಮ ಇಲ್ಲ ಎಂದೆ. ಅಲ್ಲಿಯೂ ಸುಳ್ಳು.

ವಾಪಸು ಬಂದು ಸಂಘಕ್ಕೆ ಎಲ್ಲವನ್ನೂ ಕಲಿಸಿದೆ. ರವದಿ ಸುತ್ತಿದ ಸಸಿ ಮೂಡಲಗಿ ದಾಟಿತು, ಗೋಕಾಕ ದಾಟಿತು, ಮಿರಜದ ತನಕ ಹೋಯಿತು. ಗಂಗವ್ವ ಕೊನೆಯ ಸಾಲಿನಲ್ಲಿ ಕೂತು ಎಲ್ಲವನ್ನೂ ಕಲಿತಳು, ಎಲ್ಲರಿಗಿಂತ ಚೆನ್ನಾಗಿ ಮಾಡಿದಳು. ನನ್ನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚಲೋ ಇತ್ತು. "ಬರ್ರಿ ಮೇಡಂ, ಕುಂಡರ್ರಿ, ಚಾ ಕುಡೀರಿ," ಎನ್ನುತ್ತಿದ್ದಳು. ಪಂಚಮಿಗೆ ಬಳೆ ಒಯ್ದಾಗ ಕೈ ತೋರಿಸಿದಳು, ಆಗಲೇ ತುಂಬಿದ್ದವು. "ಮೂಡಲಗಿ ಅಂಗಡ್ಯಾಗ ಹಾಕಿಸ್ಕೊಂಡ ಬಂದೇನ್ರಿ." ಆ ಡಜನ್ನನ್ನು ಚೀಲದಲ್ಲಿ ಹಾಗೆಯೇ ತಂದೆ. ಇಷ್ಟು ಹಳ್ಳಿ ತಿರುಗಿದವಳು ನಾನು. ಎಲ್ಲ ಮನೆಯಲ್ಲೂ ಚಹಾ ಸಿಗುತ್ತದೆ. ನೀ ಯಾಕ ಸೊರಗಿ ಅಂತ ಕೇಳುತ್ತಿದ್ದ ಮನೆ ಅದೊಂದೇ ಇತ್ತು.

ಆಮೇಲೆ ನಾನು ಕೆಲಸದಲ್ಲಿ ಒಂದು ಪದ್ಧತಿ ತಂದೆ. ಯಾರ ಬಗ್ಗೆ ಬರೆದಿದ್ದೇವೆಯೋ ಅವರ ಎದುರು ಕೂತು, ಅವರ ಭಾಷೆಯಲ್ಲಿ, ಪೂರ್ತಿ ಓದಿ ಹೇಳುವುದು. ಅವರು ತೆಗಿ ಅಂದದ್ದನ್ನು ತೆಗೆಯುವುದು. ಆಮೇಲೆ ಕಳಿಸುವುದು. ದೇಸಾಯಿ ಸರ್ ತಲೆ ಚಚ್ಚಿಕೊಂಡರು: "ಹಿಂಗ ಓದ್ಕೋತ ಕುಂತ್ರ ಕೊನೀ ತಾರೀಖು ಯಾರಪ್ಪಂದ್ರಿ?" ಕೆಲವು ಅರ್ಜಿಗಳು ತಪ್ಪಿಹೋದದ್ದು ಖರೆ. ಸರ್ ನಿವೃತ್ತರಾಗುವ ದಿನ ಮಾತ್ರ ನನ್ನನ್ನು ಬದಿಗೆ ಕರೆದು, ಆ ದಿನ ಫೋನಿನಲ್ಲಿ ನಾನು ಹಂಗ ಹೇಳಬಾರದಿತ್ತು ಎಂದರು. ಇಬ್ಬರೂ ಬೇರೆ ಕಡೆ ನೋಡಿದೆವು.

ಈಗಿನದು ಬೇರೆ ಕಾಲ. ತರಬೇತಿ ಮೊಬೈಲಿನ ಪರದೆಯಲ್ಲಿ ಬರುತ್ತದೆ. ಪರದೇಶದ ಹಣಕ್ಕೆ ನಿಯಮ ಬಿಗಿಯಾಗಿವೆ, ಕಾಗದಪತ್ರ ಸರಿಯಿಲ್ಲದೆ ಆ ದಾರಿಗೆ ಹೋಗಲೇಬೇಡಿ. ಅರ್ಜಿಯನ್ನು ಯಂತ್ರವೇ ಬರೆದುಕೊಡುತ್ತದಂತೆ, ಚಂದದ ಕಣ್ಣೀರಿನ ಸಾಲುಗಳನ್ನೂ ಹಾಕುತ್ತದಂತೆ. ಬರೆಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಕಳಿಸುವ ಮೊದಲು ಬಸ್ಸು ಹತ್ತಿ ಹೋಗಿ ಓದಿ ಹೇಳಿ. ಬಾಕ್ಸು ಇಲ್ಲದಿದ್ದರೆ ಆ ಸಂಸ್ಥೆಗೆ ಪತ್ರ ಬರೆದು ಬಾಕ್ಸು ಕೇಳಿ. ಆ ಸಮಾವೇಶ ಮುಗಿದ ಮೇಲೆ ನಾನು ಎಲೆನಾಳ ಸಂಸ್ಥೆಗೆ ಬರೆದು ಕೇಳಿ ನೋಡಿದೆ. ಒಂದೇ ದಿನದಲ್ಲಿ ಸೇರಿಸಿ ಉತ್ತರ ಕಳಿಸಿದರು. ಅಷ್ಟು ಸೋವಿಯ ಮಾಲು ಅದು, ರೇಟು ಕೇಳದೆ ಬಂದಿದ್ದೆ.

ಮೂರು ತಿಂಗಳ ಹಿಂದೆ ಶಿವಪುತ್ರ ಹುಕ್ಕೇರಿಯಲ್ಲಿ ತೀರಿಕೊಂಡ ಸುದ್ದಿ ಬಂತು. ಹೋಗಲೋ ಬೇಡವೋ ಎಂದು ಒಂದು ವಾರ ತೂಗಿದೆ. ಆಮೇಲೆ ಟ್ರಂಕಿನಿಂದ ಆ ಹಳೆಯ ಅರ್ಜಿಯ ಪ್ರತಿ ತೆಗೆದು ಚೀಲದಲ್ಲಿ ಹಾಕಿಕೊಂಡು ತುಕ್ಕಾನಟ್ಟಿಗೆ ಹೋದೆ. ಯಾಕೆ ಒಯ್ದೆ ಅನ್ನುವುದು ಬಸ್ಸು ಇಳಿಯುವ ತನಕ ನನಗೇ ಗೊತ್ತಿರಲಿಲ್ಲ.

ಗಂಗವ್ವ ನೆರಳುಬಲೆಯ ಕೆಳಗೆ ಟ್ರೇ ತುಂಬುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎರಡೂ ಕೈಯಲ್ಲಿ ಹಸಿರು ಬಳೆ. ನಾನು ಅವನ್ನೇ ನೋಡಿದ್ದು ಆಕೆಗೆ ತಿಳಿಯಿತು.

"ಒಡ್ಯಾಕ ಬಂದಿದ್ರು," ಎಂದಳು. "ಕಮಲವ್ವ, ಮತ್ತ ನಾಕ ಮಂದಿ ಹಿರ್ಯಾರು. ನಾ ಅಂದೆ, ಅಂವಂದು ಹುಕ್ಕೇರ್ಯಾಗ ಎಲ್ಲಾರ ಮುಂದ ಒಮ್ಮೆ ಆಗೇತಿ. ಎರಡೆರಡ ಸಲ ಯಾರೂ ಒಡ್ಯಂಗಿಲ್ಲ. ಬೇಕಿದ್ರ ಕಾಗದ ನೋಡ್ಕೋರ್ರಿ, ಅಂದೆ."

"ಏನಂದ್ರು?"

"ಏನಂತಾರು. ಚಾ ಕುಡದ ಹ್ವಾದ್ರು."

ನಗಬೇಕೋ ಬೇಡವೋ ತಿಳಿಯಲಿಲ್ಲ. ಚೀಲದಿಂದ ಅರ್ಜಿ ತೆಗೆದೆ. ಅಂದು ಓದಿ ಹೇಳಬೇಕಾಗಿತ್ತು, ಇಂದು ಹೇಳಲೇನು ಎಂದು ಕೇಳಿದೆ. ಆಕೆ ಕೈಯ ಮಣ್ಣು ಒರೆಸಿಕೊಳ್ಳಲಿಲ್ಲ. "ಓದ್ರಿ," ಎಂದಳು. ಟ್ರೇ ತುಂಬುತ್ತಲೇ ಇದ್ದಳು.

ಇಂಗ್ಲಿಷನ್ನು ಒಂದೊಂದೇ ಸಾಲು ಕನ್ನಡ ಮಾಡಿ ಓದಿದೆ. ಎರಡು ಎಕರೆ ಜಮೀನು ಎಂದಾಗ, "ಒಂದ ಎಕರೆ ಹತ್ತು ಗುಂಟೆ," ಎಂದಳು. ಪೆನ್ನು ತೆಗೆದು ತಿದ್ದಿದೆ. ಗಂಡನನ್ನು ಕಳೆದುಕೊಂಡ ಎಂಬಲ್ಲಿ ನಿಂತೆ. "ಬಿಟ್ಟ ಹೋದ ಅಂತ ಬರೀರಿ. ಅದರಾಗ ನಾಚಿಕಿ ಅಂವಂದು, ನಂದಲ್ಲ." ತಿದ್ದಿದೆ. ಇಪ್ಪತ್ತೆರಡು ಹೆಂಗಸರಿಗೆ ಧೈರ್ಯ ತುಂಬಿದಳು ಎಂದಾಗ, "ಆ ಮಾತು ತಗೀರಿ, ಧೈರ್ಯ ಅವರಿಗೆ ಮದಲ ಇತ್ತು. ನಾ ಲೆಕ್ಕಾ ಕಲಿಸಿದೆ," ಎಂದಳು. ಕೊನೆಯ ಸಾಲು ಆಕೆಯ ಸ್ವಂತ ಮಾತೇ ಆಗಿತ್ತು, ಎಲೆನಾಳಿಗೆ ಹೇಳಿದ್ದು: ನಮ್ಮ ಸಸಿ ಮೂಡಲಗಿ ದಾಟಿ ಯಾಕೆ ಹೋಗುವುದಿಲ್ಲ ಎಂದು ಕಲಿಯಬೇಕು.

ಆಗ ಮೊದಲ ಸಲ ಆಕೆಯ ಕೈ ನಿಂತಿತು. ಎದ್ದು ಮನೆಯೊಳಗೆ ಹೋಗಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಪಾಸ್‌ಪೋರ್ಟ್ ತಂದಳು. ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು. ಹಾಳೆಗಳೆಲ್ಲ ಖಾಲಿ. ತಿದ್ದಿದ ಅರ್ಜಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಅದರೊಳಗೆ ಇಟ್ಟಳು.

"ಈ ಹೆಣ್ಮಗಳು ಚಲೋ ಅದಾಳ್ರಿ ಮೇಡಂ," ಎಂದಳು. "ಈಕಿನ್ನ ಕಳಸಬೇಕಾಗಿತ್ತು."